ಹೀರೋ ಅಲ್ಲದವನು ಕಟ್ಟಿಸಿದ ಮನೆ

ನಾನು ಲಾಸ್ ಏಂಜಲೀಸ್‌ಗೆ ಬಂದು ಐದು ವರ್ಷ ಆಯ್ತು. ಊರಿನ ನೆನಪು ಜಾಸ್ತಿಯಾದಾಗ ಹೋಗೋಕೆ ನಮ್ಮಂಥವರಿಗೆ ಇಲ್ಲೊಂದು ಜಾಗ ಇದೆ, ಮಾಲಿಬು ದೇವಸ್ಥಾನ. ಹೆಸರು ಮಾಲಿಬು ಅಂತಿದ್ದರೂ ಅದಿರುವುದು ಕ್ಯಾಲಬಾಸಸ್ ಎಂಬ ಊರಲ್ಲಿ, ಗುಡ್ಡಗಳ ನಡುವೆ. ಮೊದಲು ವೆಂಕಟೇಶ್ವರನ ದರ್ಶನ, ಆಮೇಲೆ ಪುಳಿಯೋಗರೆ. ಎಷ್ಟೋ ಶನಿವಾರ ನಾನು ಅಲ್ಲಿಗೆ ಹೋದದ್ದು ನಮ್ಮ ಮೇಷ್ಟ್ರ ಕಾರಿನಲ್ಲಿ.

ಮೇಷ್ಟ್ರು ಅಂದರೆ ಪಾಠ ಮಾಡುವ ಮೇಷ್ಟ್ರಲ್ಲ. ನಮ್ಮ ಟೀಮಿನಲ್ಲೇ ಇದ್ದ ಹಿರಿಯ ಇಂಜಿನಿಯರ್. ಹಾಸನದ ಕಡೆಯವರು, ವಯಸ್ಸು ನಲವತ್ತೆಂಟು. ನಾನು ಸೇರಿದ ಹೊಸತರಲ್ಲಿ ಪ್ರೊಡಕ್ಷನ್‌ನಲ್ಲಿ ಏನೋ ಎಡವಟ್ಟು ಮಾಡಿಕೊಂಡು ರಾತ್ರಿ ಎರಡು ಗಂಟೆಗೆ ಬೆವರುತ್ತಾ ಕೂತಿದ್ದೆ. ಆಗ ತಾವೇ ಫೋನ್ ಮಾಡಿ, "ಗಾಬರಿ ಆಗ್ಬೇಡ ಕಣಪ್ಪಾ, ಮೊದ್ಲು ನೀರು ಕುಡಿ. ಆಮೇಲೆ ಲಾಗ್ ತೆಗಿ" ಅಂದವರು ಅವರು. ಅವತ್ತಿನಿಂದ ನನ್ನ ಪಾಲಿಗೆ ಮೇಷ್ಟ್ರೇ. ಅವರಿಗಿದ್ದ ಒಂದೇ ಹುಚ್ಚು ಹಳೇ ಇಂಗ್ಲಿಷ್ ಸಿನಿಮಾ. ಅದೂ ನಮ್ಮ ತಾತನ ಕಾಲದ್ದು, ಮಾತೇ ಇಲ್ಲದ ಸಿನಿಮಾಗಳು.

101 ಫ್ರೀವೇಯಲ್ಲಿ ವುಡ್‌ಲ್ಯಾಂಡ್ ಹಿಲ್ಸ್ ದಾಟುವಾಗ ಮಲ್ಹಾಲಂಡ್ ಡ್ರೈವ್ ಎಕ್ಸಿಟ್ ಬರುತ್ತೆ. ಒಂದ್ಸಲ ಅಲ್ಲಿ ಮೇಷ್ಟ್ರು ಸ್ಟೀರಿಂಗ್‌ನಿಂದ ಒಂದು ಕೈ ತೆಗೆದು ತೋರಿಸಿದರು.

"ಆ ಕಡೆ ಹಳೇ ಸಿನಿಮಾದವ್ರ ಮನೆ ಇದೆ. ವಯಸ್ಸಾಗಿ ಕೈಲಾಗ್ದೇ ಇರೋರು ಅಲ್ಲಿರ್ತಾರೆ. ನಟರು ಮಾತ್ರ ಅಲ್ಲ, ಲೈಟ್ ಹಾಕ್ತಿದ್ದೋರು, ಬಟ್ಟೆ ಹೊಲೀತಿದ್ದೋರು, ಎಲ್ರೂ."

"ಯಾರು ಸಾರ್ ಕಟ್ಸಿದ್ದು? ಚಾಪ್ಲಿನ್ನಾ?"

"ಹೀರೋ ಅಲ್ಲಪ್ಪಾ. ಹಿಂದೆ ಬಿದ್ದು ಕಟ್ಸಿದ್ದು ಒಬ್ಬ ಪೋಷಕ ನಟ. ಅದೂ ಹೊರಗಿನೋನು, ಡೆನ್ಮಾರ್ಕ್‌ನೋನು. ನಮ್ ಥರಾನೇ ಬಂದೋನು."

ನಾನು ಫೋನ್ ನೋಡುತ್ತಾ ಕೂತಿದ್ದೆ. ಹೂಂ ಅಂದೆ. ಮಾತು ಅಲ್ಲಿಗೇ ನಿಂತಿತು.

ಅದಾಗಿ ಏಳೆಂಟು ತಿಂಗಳ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಆಫೀಸಿನ ಚಾಟ್‌ನಲ್ಲಿ ಮೇಷ್ಟ್ರ ಹೆಸರಿನ ಪಕ್ಕ ಇದ್ದ ಹಸಿರು ಚುಕ್ಕೆ ಆರಿಹೋಯಿತು. ಹನ್ನೊಂದಕ್ಕೆ ನೋಡಿದರೆ ಅವರ ಅಕೌಂಟೇ ಇಲ್ಲ. ಹದಿನಾಲ್ಕು ವರ್ಷ ಕೆಲಸ ಮಾಡಿದ ಮನುಷ್ಯನಿಗೆ ಹದಿನೈದು ನಿಮಿಷದ ಒಂದು ವಿಡಿಯೋ ಕಾಲ್. ಅವತ್ತು ನಮ್ಮಲ್ಲಿ ಸುಮಾರು ಜನರ ಕೆಲಸ ಹೋಯಿತು. ನನ್ನದು ಉಳಿಯಿತು.

ಎಚ್-1ಬಿ ವೀಸಾದಲ್ಲಿದ್ದವರ ಕೆಲಸ ಹೋದರೆ ಕೈಯಲ್ಲಿರುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲ ಬೇರೆ ದಾರಿ ನೋಡಿಕೊಳ್ಳಬೇಕು, ಅದೂ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಮೇಷ್ಟ್ರ ಮಗಳು ಆಗ ಹತ್ತನೇ ಕ್ಲಾಸು.

ನಾನು ಅವರಿಗೆ ಫೋನ್ ಮಾಡಲಿಲ್ಲ. ಏನಂತ ಮಾತಾಡೋದು? "ಬೇಜಾರ್ ಮಾಡ್ಕೋಬೇಡಿ ಸಾರ್" ಅನ್ನೋಕೆ ನಾನ್ಯಾರು? ನಾಳೆ ಮಾಡೋಣ ಅಂದುಕೊಂಡೆ. ನಾಳೆ, ನಾಳಿದ್ದು ಆಯಿತು. ನಿಜ ಹೇಳಬೇಕೆಂದರೆ ಭಯ ಇತ್ತು. ಅವರ ಜೊತೆ ಮಾತಾಡಿದರೆ ಆ ಸರದಿ ನನಗೂ ಅಂಟುತ್ತೇನೋ ಅನ್ನುವಂಥ ಪೆದ್ದು ಭಯ. ಹೀಗೇ ಹನ್ನೊಂದು ದಿನ ಕಳೆಯಿತು.

ಆ ದಿನಗಳಲ್ಲೇ ಒಂದು ರಾತ್ರಿ ನಿದ್ದೆ ಬಾರದೆ ಮೊಬೈಲ್ ಹಿಡಿದುಕೊಂಡಿದ್ದಾಗ, ಕಾರಿನಲ್ಲಿ ಮೇಷ್ಟ್ರು ಹೇಳಿದ್ದ ಆ ಡೆನ್ಮಾರ್ಕಿನವನು ನೆನಪಾದ. ಹುಡುಕಿದೆ. ಹೆಸರು ಜೀನ್ ಹರ್ಷೋಲ್ಟ್.

ಆಸ್ಕರ್ ನೋಡುವವರು ಈ ಹೆಸರನ್ನು ಕೇಳಿರುತ್ತೀರಿ, ಆದರೆ ಯಾರು ಅಂತ ಯೋಚಿಸಿರುವುದಿಲ್ಲ. ಸಮಾಜಸೇವೆ ಮಾಡಿದ ಸಿನಿಮಾದವರಿಗೆ ಅಕಾಡೆಮಿ ಕೊಡುವ ಗೌರವದ ಹೆಸರೇ ಜೀನ್ ಹರ್ಷೋಲ್ಟ್ ಹ್ಯೂಮ್ಯಾನಿಟೇರಿಯನ್ ಅವಾರ್ಡ್. ಫ್ರಾಂಕ್ ಸಿನಾತ್ರಾ, ಆಡ್ರಿ ಹೆಪ್‌ಬರ್ನ್, ಪಾಲ್ ನ್ಯೂಮನ್, ಓಪ್ರಾ ವಿನ್‌ಫ್ರೀ, ಏಂಜಲಿನಾ ಜೋಲಿ ಎಲ್ಲರಿಗೂ ಬಂದಿದೆ. ತೆಗೆದುಕೊಂಡವರೆಲ್ಲ ನಮಗೆ ಗೊತ್ತು. ಅದಕ್ಕೆ ಹೆಸರು ಕೊಟ್ಟವನೇ ಗೊತ್ತಿಲ್ಲ.

ಹರ್ಷೋಲ್ಟ್ ಹುಟ್ಟಿದ್ದು 1886ರಲ್ಲಿ, ಕೋಪನ್‌ಹೇಗನ್‌ನಲ್ಲಿ. ಅಲ್ಲಿ ಒಂದಿಷ್ಟು ನಾಟಕ, ಆಗಷ್ಟೇ ಕಣ್ಣುಬಿಡುತ್ತಿದ್ದ ಡೇನಿಶ್ ಸಿನಿಮಾದಲ್ಲಿ ಒಂದೆರಡು ಪಾತ್ರ. 1913ರಲ್ಲಿ, ಇಪ್ಪತ್ತೇಳರ ಆಸುಪಾಸಿನಲ್ಲಿ, ಅಮೆರಿಕಕ್ಕೆ ಬಂದ. ನಾನು ಫ್ಲೈಟ್ ಹತ್ತಿದ್ದೂ ಹೆಚ್ಚುಕಮ್ಮಿ ಅದೇ ವಯಸ್ಸಿಗೆ. ನನಗೆ ಬರುವ ಮುಂಚೆಯೇ ಆಫರ್ ಲೆಟರ್ ಇತ್ತು. ಅವನು ಬಂದು ಕೆಲಸ ಹುಡುಕಿಕೊಳ್ಳಬೇಕಿತ್ತು.

ಆಗ ಹಾಲಿವುಡ್ ಅಂದರೆ ಇನ್ನೂ ತೋಟದ ನಡುವಿನ ಊರು. ಸಿನಿಮಾಗಳು ಮೂಕಿ. ಮೂಕಿ ಸಿನಿಮಾದ ದೊಡ್ಡ ಅನುಕೂಲ ಏನು ಗೊತ್ತಾ? ನೀವು ಯಾವ ದೇಶದವರು, ಇಂಗ್ಲಿಷ್ ಹೇಗೆ ಮಾತಾಡುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಮುಖ ಮಾತಾಡಿದರೆ ಸಾಕು. ಮಾತನ್ನು ಕಾರ್ಡ್ ಮೇಲೆ ಬರೆದು ತೋರಿಸುತ್ತಾರೆ. ಅದಕ್ಕೇ ಯುರೋಪಿನ ಮೂಲೆಮೂಲೆಯಿಂದ ಬಂದವರೆಲ್ಲ ಅಲ್ಲಿ ಕೆಲಸ ಕಂಡುಕೊಂಡರು.

ಹರ್ಷೋಲ್ಟ್ ಶುರು ಮಾಡಿದ್ದು ತೀರಾ ಕೆಳಗಿನಿಂದ. 1916ರ 'ಹೆಲ್ಸ್ ಹಿಂಜಸ್' ಎಂಬ ವಿಲಿಯಂ ಎಸ್. ಹಾರ್ಟ್‌ನ ಕೌಬಾಯ್ ಸಿನಿಮಾದಲ್ಲಿ ಅವನು ಗುಂಪಿನಲ್ಲೊಬ್ಬ, ಅಷ್ಟೇ. ಆದರೆ ಅವನ ಕೈಯಲ್ಲಿ ಒಂದು ವಿದ್ಯೆ ಇತ್ತು, ಮೇಕಪ್. ಮುದುಕನೋ, ಕುಡುಕನೋ, ಪ್ರೊಫೆಸರೋ, ಪುಂಡನೋ, ಏನು ಬೇಕೋ ಅದಾಗಿಬಿಡುತ್ತಿದ್ದ. 1921ರಲ್ಲಿ ರುಡಾಲ್ಫ್ ವ್ಯಾಲೆಂಟಿನೋ ಹೀರೋ ಆಗಿ ಮೇಲೆದ್ದ 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೋಕಲಿಪ್ಸ್'ನಲ್ಲಿ ಜರ್ಮನ್ ಪ್ರೊಫೆಸರ್. 1922ರಲ್ಲಿ ಮೇರಿ ಪಿಕ್‌ಫರ್ಡ್ ಎದುರು ವಿಲನ್. ಹೀರೋ ಬದಲಾಗುತ್ತಿದ್ದ, ಹೀರೋಯಿನ್ ಬದಲಾಗುತ್ತಿದ್ದಳು. ಪಕ್ಕದಲ್ಲಿ ಇವನಂತೂ ಇರುತ್ತಿದ್ದ.

ಅವನ ಸಿನಿಮಾಗಳಲ್ಲಿ ನಾನು ಮೊದಲು ನೋಡಿದ್ದು 'ಗ್ರೀಡ್'. 1924ರದ್ದು. ನಿರ್ದೇಶಕ ಎರಿಕ್ ಫಾನ್ ಸ್ಟ್ರೋಹೈಮ್ ಕೂಡ ವಲಸಿಗನೇ, ವಿಯೆನ್ನಾದವನು. ಮ್ಯಾಕ್‌ಟೀಗ್ ಅನ್ನುವ ಹಲ್ಲಿನ ಡಾಕ್ಟರ್, ಅವನ ಗೆಳೆಯ ಮಾರ್ಕಸ್. ಮಾರ್ಕಸ್ ತಾನು ಇಷ್ಟಪಟ್ಟ ಹುಡುಗಿಯನ್ನೇ ಗೆಳೆಯನಿಗೆ ಬಿಟ್ಟುಕೊಡುತ್ತಾನೆ. ಅದಾದ ಮೇಲೆ ಅವಳಿಗೆ ಲಾಟರಿಯಲ್ಲಿ 5,000 ಡಾಲರ್ ಹೊಡೆಯುತ್ತೆ. ಅಲ್ಲಿಂದ ಮಾರ್ಕಸ್‌ನ ಹೊಟ್ಟೆಯಲ್ಲಿ ಹತ್ತಿಕೊಳ್ಳುವ ಉರಿ ಕೊನೆಯವರೆಗೂ ಆರುವುದಿಲ್ಲ. ಆ ಮಾರ್ಕಸ್ಸೇ ನಮ್ಮ ಹರ್ಷೋಲ್ಟ್.

ಸಿನಿಮಾದ ಕೊನೆ ಡೆತ್ ವ್ಯಾಲಿಯಲ್ಲಿ. ಸ್ಟ್ರೋಹೈಮ್‌ಗೆ ಸೆಟ್ ಬೇಡ, ನಿಜವಾದ ಮರುಭೂಮಿಯೇ ಬೇಕು, ಅದೂ ಸುಡುಬೇಸಿಗೆಯಲ್ಲೇ ಬೇಕು. 1923ರ ಬೇಸಿಗೆ. ಅಲ್ಲಿ ಬೇಸಿಗೆ ಅಂದರೆ 45, 50 ಡಿಗ್ರಿ. ಹರ್ಷೋಲ್ಟ್ ಮತ್ತು ಗಿಬ್ಸನ್ ಗೌಲ್ಯಾಂಡ್ ಆ ಉಪ್ಪಿನ ನೆಲದ ಮೇಲೆ ಹೊರಳಾಡಿ ಹೊಡೆದಾಡಬೇಕು. ಶೂಟಿಂಗ್ ಮುಗಿಯುವಷ್ಟರಲ್ಲಿ ಹರ್ಷೋಲ್ಟ್ 27 ಪೌಂಡ್, ಅಂದರೆ 12 ಕೆಜಿ ಇಳಿದು ಆಸ್ಪತ್ರೆ ಸೇರಿದ್ದ.

ಇಷ್ಟೆಲ್ಲ ಮಾಡಿದ ಮೇಲೆ ಆಗಿದ್ದೇನು? ಸ್ಟ್ರೋಹೈಮ್ ಮಾಡಿದ್ದು ಸುಮಾರು 42 ರೀಲಿನ ಸಿನಿಮಾ. ಸ್ಟುಡಿಯೋದವರು ಅದನ್ನು ಕತ್ತರಿಸಿ 10 ರೀಲಿಗೆ ತಂದರು. ಕತ್ತರಿಸಿದ ಭಾಗ ನಾಶವಾಯಿತು, ಇವತ್ತಿಗೂ ಸಿಕ್ಕಿಲ್ಲ. ಎರಡು ವರ್ಷ ಬರೆದ ಪ್ರಾಜೆಕ್ಟನ್ನು ರಿಲೀಸ್‌ಗೆ ಮುಂಚೆ ಮುಚ್ಚಿದಾಗ ನಮಗೇ ಎಷ್ಟು ಸಂಕಟ ಆಗುತ್ತೆ ಅನ್ನೋದು ನಿಮಗೂ ಗೊತ್ತಿರಬಹುದು. ಇವನು ಮೈಯ ಮಾಂಸವನ್ನೇ ಕೊಟ್ಟಿದ್ದ.

ಆದರೂ ಉಳಿದದ್ದರಲ್ಲಿ ಆ ಕೊನೆಯ ದೃಶ್ಯ ಇದೆ. ಸಾಯುವ ಮುಂಚೆ ಮಾರ್ಕಸ್ ತನ್ನ ಕೈಯನ್ನು ಗೆಳೆಯನ ಕೈಗೆ ಬೇಡಿಯಲ್ಲಿ ಬಿಗಿದುಬಿಡುತ್ತಾನೆ. ಬದುಕಿರುವವನು ಹೆಣಕ್ಕೆ ಕಟ್ಟಿಹಾಕಿಕೊಂಡು ಮರುಭೂಮಿಯ ನಡುವೆ ಕೂರುತ್ತಾನೆ. ನೀರಿಲ್ಲ, ಹೋಗೋಕೆ ದಾರಿಯಿಲ್ಲ, ದುಡ್ಡು ಮಾತ್ರ ಇದೆ. ರಾತ್ರಿ ಎರಡು ಗಂಟೆಗೆ ಒಬ್ಬನೇ ಕೂತು ಇದನ್ನು ನೋಡಿ ನನಗೆ ಎದೆ ಭಾರವಾಯಿತು. ಕೆಲಸ ಉಳಿಸಿಕೊಂಡವನ ಹತ್ತಿರವೂ ದುಡ್ಡಿತ್ತು, ಫೋನ್ ಮಾಡುವ ಧೈರ್ಯ ಮಾತ್ರ ಇರಲಿಲ್ಲ.

1927ರ ಅಕ್ಟೋಬರ್‌ನಲ್ಲಿ 'ದಿ ಜಾಝ್ ಸಿಂಗರ್' ಬಂತು. ಸಿನಿಮಾ ಮಾತಾಡೋಕೆ ಶುರು ಮಾಡಿತು. ಜಗತ್ತಿಗೆ ಅದು ಸಂಭ್ರಮ. ಯುರೋಪಿನಿಂದ ಬಂದಿದ್ದ ನಟರಿಗೆ ಎದೆ ಝಲ್ಲೆಂದಿತು. ಎಮಿಲ್ ಯಾನಿಂಗ್ಸ್ ಅಂತ ಜರ್ಮನ್ ನಟ ಇದ್ದ. ಮೊಟ್ಟಮೊದಲ ಆಸ್ಕರ್ ಅತ್ಯುತ್ತಮ ನಟ ಪ್ರಶಸ್ತಿ ಪಡೆದವನೇ ಅವನು. 1929ರಲ್ಲಿ ಅವನು ಜರ್ಮನಿಗೆ ವಾಪಸ್ ಹೋದ. ಇಂಗ್ಲಿಷ್ ಮಾತಾಡಬೇಕಾದ ಹಾಲಿವುಡ್‌ನಲ್ಲಿ ಅವನ ಜರ್ಮನ್ ಉಚ್ಚಾರಣೆಗೆ ಜಾಗ ಉಳಿದಿರಲಿಲ್ಲ. ನಿನ್ನೆಯವರೆಗೆ ಅತ್ಯುತ್ತಮ, ಇವತ್ತು ಟಿಕೆಟ್ ತೆಗೆದುಕೊಂಡು ಊರಿಗೆ.

ಇದನ್ನು ಓದುವಾಗ ನನಗೆ ನನ್ನ ಮೊದಲ ವರ್ಷದ ರಿವ್ಯೂ ನೆನಪಾಯಿತು. ಕೋಡ್ ಚೆನ್ನಾಗಿದೆ, ಡಿಸೈನ್ ಚೆನ್ನಾಗಿದೆ, "ಕಮ್ಯುನಿಕೇಶನ್" ಸುಧಾರಿಸಬೇಕು. ನಾನು ಮಾತಾಡುವುದು ಅವರಿಗೆ ಅರ್ಥ ಆಗುವುದಿಲ್ಲ ಅಂತ ನೇರವಾಗಿ ಹೇಳೋಕೆ ಆಗಲ್ಲವಲ್ಲ, ಅದಕ್ಕೆ ಆ ಪದ. ಮೀಟಿಂಗ್‌ನಲ್ಲಿ ನಾನು ಬಾಯಿ ತೆರೆದಾಗಲೆಲ್ಲ "ಸಾರಿ, ಇನ್ನೊಂದ್ಸಲ ಹೇಳ್ತೀರಾ?" ಅನ್ನುತ್ತಿದ್ದರು. ಮೂರು ಸಲ ಹೀಗಾದ ಮೇಲೆ ನಾಲ್ಕನೇ ಸಲ ಸುಮ್ಮನಾಗಿಬಿಡುತ್ತೇವೆ. ಬರವಣಿಗೆಯಲ್ಲಿ, ಕೋಡ್‌ನಲ್ಲಿ ನಾನು ಸಮರ್ಥ. ಬಾಯಿ ಬಿಟ್ಟ ಕೂಡಲೇ ಹೊರಗಿನವನು. ನಾನೂ ಒಂಥರಾ ಮೂಕಿ ಸಿನಿಮಾದಲ್ಲೇ ಚೆನ್ನಾಗಿದ್ದವನು.

ಹರ್ಷೋಲ್ಟ್ ವಾಪಸ್ ಹೋಗಲಿಲ್ಲ. ಆದರೆ ಅವನ ಪಾತ್ರಗಳ ಹರಹು ಕಿರಿದಾಯಿತು. ಮೂಕಿ ಕಾಲದಲ್ಲಿ ಕೊಲೆಗಡುಕನಿಂದ ಹಿಡಿದು ರಾಜಕುಮಾರನ ಗುರುವಿನ ತನಕ ಎಲ್ಲವನ್ನೂ ಮಾಡಿದ್ದ. ಅವನ ಬಾಯಿಂದ ಡೇನಿಶ್ ವಾಸನೆಯ ಇಂಗ್ಲಿಷ್ ಹೊರಬಿದ್ದ ಮೇಲೆ ಸಿಕ್ಕಿದ್ದು ಯುರೋಪಿನ ಡಾಕ್ಟರು, ಹೋಟೆಲಿನವನು, ತಾತ. ನಮ್ಮಲ್ಲಿ ಕೆ.ಎಸ್. ಅಶ್ವಥ್ ಅವರನ್ನು ತೆರೆ ಮೇಲೆ ನೋಡಿದ ಕೂಡಲೇ ಅಪ್ಪನ ಹಾಗೆ ಅನ್ನಿಸುತ್ತಲ್ಲ, ಆ ಥರದ ಪಾತ್ರಗಳು. ಒಳ್ಳೆಯ ಮನುಷ್ಯ, ಆದರೆ ಕಥೆ ಅವನದ್ದಲ್ಲ.

1932ರ 'ಗ್ರ್ಯಾಂಡ್ ಹೋಟೆಲ್' ನೋಡಿ. ಗ್ರೇಟಾ ಗಾರ್ಬೋ, ಜಾನ್ ಬ್ಯಾರಿಮೋರ್, ಜೋನ್ ಕ್ರಾಫರ್ಡ್, ತೆರೆ ತುಂಬಾ ಸ್ಟಾರ್‌ಗಳೇ. ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಸಿನಿಮಾ. ಅದರಲ್ಲಿ ಹರ್ಷೋಲ್ಟ್ ಹೋಟೆಲಿನ ಪೋರ್ಟರ್, ಹೆಸರು ಸೆನ್ಫ್. ಅವನ ಹೆಂಡತಿ ಹೆರಿಗೆ ನೋವಿನಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ಇವನು ಡ್ಯೂಟಿ ಬಿಟ್ಟು ಹೋಗುವ ಹಾಗಿಲ್ಲ. ದೊಡ್ಡವರ ಪ್ರೇಮ, ಕಳ್ಳತನ, ಕೊಲೆ ಎಲ್ಲವೂ ಮಹಡಿ ಮೇಲೆ ನಡೆಯುತ್ತೆ. ಕೆಳಗೆ ಕೌಂಟರಿನಲ್ಲಿ ಒಬ್ಬ ಮನುಷ್ಯ ಒಂದು ಫೋನ್‌ಗಾಗಿ ಕಾಯುತ್ತಿರುತ್ತಾನೆ. ಕೊನೆಗೆ ಮಗು ಹುಟ್ಟಿದ ಸುದ್ದಿ ಬರುತ್ತೆ. ಅವನ ಪಾತ್ರ ಅಷ್ಟೇ. ಆದರೆ ಸಿನಿಮಾ ಮುಗಿದ ಮೇಲೆ ನನಗೆ ನೆನಪುಳಿದದ್ದು ಸೆನ್ಫ್‌ನ ಮುಖ.

ಮಾತು ಬಂದು ಕಿತ್ತುಕೊಂಡದ್ದನ್ನು ಆ ಮಾತೇ ಅವನಿಗೆ ಬೇರೆ ರೀತಿಯಲ್ಲಿ ವಾಪಸ್ ಕೊಟ್ಟಿತು. 1934ರಲ್ಲಿ ಕೆನಡಾದಲ್ಲಿ ಒಂದೇ ಬಸುರಿನಲ್ಲಿ ಐದು ಹೆಣ್ಣುಮಕ್ಕಳು ಹುಟ್ಟಿದರು. ಐದೂ ಬದುಕಿದವು, ಜಗತ್ತಿಡೀ ಸುದ್ದಿ. ಆ ಕಥೆ ಇಟ್ಟುಕೊಂಡು 1936ರಲ್ಲಿ 'ದಿ ಕಂಟ್ರಿ ಡಾಕ್ಟರ್' ಸಿನಿಮಾ ಮಾಡಿದರು. ಹಳ್ಳಿ ಡಾಕ್ಟರ್ ಪಾತ್ರ ಹರ್ಷೋಲ್ಟ್‌ಗೆ ಬಂತು. ಜನ ಮೆಚ್ಚಿಕೊಂಡರು. ಅದೇ ಪಾತ್ರವನ್ನು ರೇಡಿಯೋಗೆ ತರೋಣ ಅಂದರೆ ಹಕ್ಕು ಸಿಗಲಿಲ್ಲ. ಸರಿ, ನಮ್ಮದೇ ಡಾಕ್ಟರನ್ನು ಮಾಡಿಕೊಳ್ಳೋಣ ಅಂತ ಹೊಸ ಪಾತ್ರ ಹುಟ್ಟಿಸಿದ. ಹೆಸರಿಗೆ ತನ್ನ ಊರಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್‌ನ ನೆನೆದು 'ಡಾಕ್ಟರ್ ಕ್ರಿಶ್ಚಿಯನ್' ಅಂತ ಇಟ್ಟ.

1937ರಲ್ಲಿ ಶುರುವಾದ ಆ ಕಾರ್ಯಕ್ರಮ 1954ರ ಆರಂಭದವರೆಗೆ ನಡೆಯಿತು. ಪ್ರಾಯೋಜಕರು ವ್ಯಾಸಲೀನ್ ಕಂಪನಿ. ಮುಂದೆ ಮುಂದೆ ಅದರ ಕಥೆಗಳನ್ನು ಬರೆದು ಕಳಿಸುತ್ತಿದ್ದವರೇ ಕೇಳುಗರು. ನೋಡಿ, ಹೇಗಿದೆ! ಯಾವ ಉಚ್ಚಾರಣೆಯಿಂದ ಪಾತ್ರ ಕಿರಿದಾಯಿತೋ, ಅದೇ ಉಚ್ಚಾರಣೆಯ ದನಿಯನ್ನು ಅಮೆರಿಕದ ಮನೆಗಳು ಹದಿನಾರು ವರ್ಷ ಕೂತು ಕೇಳಿದವು.

ಇಲ್ಲಿಯವರೆಗೆ ಇದು ಒಬ್ಬ ನಟ ಕಷ್ಟಪಟ್ಟು ಗೆದ್ದ ಕಥೆ. ಅಂಥವು ಬೇಕಾದಷ್ಟಿವೆ. ನನ್ನನ್ನು ಹಿಡಿದು ಕೂರಿಸಿದ್ದು ಇದರ ಪಕ್ಕದಲ್ಲೇ ನಡೆಯುತ್ತಿದ್ದ ಇನ್ನೊಂದು ಕಥೆ.

ಹಾಲಿವುಡ್‌ನಲ್ಲಿ 1921ರಲ್ಲೇ ಒಂದು ನಿಧಿ ಶುರುವಾಗಿತ್ತು, ಮೋಷನ್ ಪಿಕ್ಚರ್ ರಿಲೀಫ್ ಫಂಡ್ ಅಂತ. ಮೇರಿ ಪಿಕ್‌ಫರ್ಡ್, ಚಾಪ್ಲಿನ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಗ್ರಿಫಿತ್ ಮುಂತಾದವರು ಸೇರಿ ಮಾಡಿದ್ದು. ಸ್ಟುಡಿಯೋಗಳಲ್ಲಿ ಹುಂಡಿ ಇಟ್ಟು, ಜೇಬಿನಲ್ಲಿರುವ ಚಿಲ್ಲರೆ ಹಾಕಿ ಅನ್ನುತ್ತಿದ್ದರು. ಆದರೆ ಟಾಕಿ ಬಂದು ಕೆಲಸ ಕಳೆದುಕೊಂಡವರು, ಅದರ ಹಿಂದೆಯೇ ಬಂದ ಆರ್ಥಿಕ ಕುಸಿತ, ಎಲ್ಲ ಸೇರಿ ಹುಂಡಿಯ ಚಿಲ್ಲರೆಗೆ ಹೊಗೆ ಹಾಕಿದವು. 1932ರಲ್ಲಿ ಹೊಸ ಯೋಜನೆ ಬಂತು. ಒಳ್ಳೆಯ ಸಂಬಳ ಬರುವವರು ತಮ್ಮ ಸಂಬಳದಲ್ಲಿ ಅರ್ಧ ಪರ್ಸೆಂಟ್ ಕೊಡುತ್ತೇವೆ ಅಂತ ಬರೆದುಕೊಡಬೇಕು. ನೂರಕ್ಕೆ ಐವತ್ತು ಪೈಸೆ, ಅಷ್ಟೇ.

ಮೂವತ್ತರ ದಶಕದ ಕೊನೆಗೆ ಈ ನಿಧಿಯ ಅಧ್ಯಕ್ಷನಾದವನು ಹರ್ಷೋಲ್ಟ್. ಆಮೇಲೆ ಹೆಚ್ಚುಕಮ್ಮಿ 18 ವರ್ಷ ಅದನ್ನು ಬಿಡಲಿಲ್ಲ. ಸ್ಟಾರ್‌ಗಳಿದ್ದರಲ್ಲ, ಅವರೇ ಯಾಕಾಗಲಿಲ್ಲ ಅಂತ ಮೊದಲು ನನಗೆ ಆಶ್ಚರ್ಯ ಆಯ್ತು. ಆಮೇಲೆ ಹೊಳೆಯಿತು. ಹೀರೋಗೆ ಸೆಟ್‌ನಲ್ಲಿ ಕಾಣುವುದು ಕ್ಯಾಮೆರಾ. ಪೋಷಕ ನಟ ತನ್ನ ಸರದಿಗೆ ಕಾಯುತ್ತಾ ಮೂಲೆಯಲ್ಲಿ ಕೂತಿರುತ್ತಾನೆ. ಅವನ ಪಕ್ಕ ಕೂತವರು ಎಕ್ಸ್‌ಟ್ರಾಗಳು, ಲೈಟ್ ಹುಡುಗರು, ಹೊಲಿಗೆಯವರು. ಯಾರು ಎರಡು ವಾರದಿಂದ ಕಾಣುತ್ತಿಲ್ಲ ಅನ್ನುವುದು ಮೊದಲು ಗೊತ್ತಾಗುವುದು ಅವನಿಗೇ. ಇದು ನನ್ನ ಊಹೆ. ಆದರೆ 'ಹೆಲ್ಸ್ ಹಿಂಜಸ್'ನ ಗುಂಪಿನಲ್ಲಿ ನಿಂತಿದ್ದವನಿಗೆ ಗುಂಪಿನಲ್ಲಿ ನಿಲ್ಲುವುದು ಏನು ಅಂತ ಗೊತ್ತಿತ್ತು ಅನ್ನುವುದು ಊಹೆ ಅಲ್ಲ.

ದುಡ್ಡು ಎಲ್ಲಿಂದ ತರುವುದು? 1939ರ ಜನವರಿಯಲ್ಲಿ 'ಸ್ಕ್ರೀನ್ ಗಿಲ್ಡ್' ಎಂಬ ರೇಡಿಯೋ ಕಾರ್ಯಕ್ರಮ ಶುರುವಾಯಿತು. ಕ್ಲಾರ್ಕ್ ಗೇಬಲ್, ಜೂಡಿ ಗಾರ್ಲೆಂಡ್, ಹಂಫ್ರಿ ಬೋಗಾರ್ಟ್ ಥರದ ದೊಡ್ಡ ದೊಡ್ಡ ಸ್ಟಾರ್‌ಗಳು ಬಂದು ನಾಟಕ ಮಾಡುವುದು, ಅವರಿಗೆ ಸಲ್ಲಬೇಕಾದ ಸಂಭಾವನೆ ನೇರವಾಗಿ ನಿಧಿಗೆ ಹೋಗುವುದು. 1952ರವರೆಗೆ ಅದು ನಡೆಯಿತು. ಆ ದುಡ್ಡಿನ ಗುರಿ, ವಯಸ್ಸಾದ ಸಿನಿಮಾ ಕೆಲಸಗಾರರಿಗೆ ಒಂದು ಮನೆ.

ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಜಾಗ ಹುಡುಕಿದವನು ಹರ್ಷೋಲ್ಟ್. ಆಗ ಅಲ್ಲಿದ್ದದ್ದು ಕಿತ್ತಳೆ ಮತ್ತು ಅಕ್ರೋಟಿನ ತೋಟ. 48 ಎಕರೆ, ಎಕರೆಗೆ 850 ಡಾಲರ್. ಖರ್ಚು ತೂಗಿಸೋಕೆ ಅದರಲ್ಲಿ 7 ಎಕರೆ ಮಾರಬೇಕಾಯಿತು. ಆಮೇಲೆ ಗುದ್ದಲಿ ಪೂಜೆ, ಮೊದಲ ಮಣ್ಣು ತೆಗೆದವರು ಪಿಕ್‌ಫರ್ಡ್ ಮತ್ತು ಹರ್ಷೋಲ್ಟ್. 1942ರ ಸೆಪ್ಟೆಂಬರ್ 27ರಂದು ಮನೆ ಬಾಗಿಲು ತೆರೆಯಿತು, ಮೋಷನ್ ಪಿಕ್ಚರ್ ಕಂಟ್ರಿ ಹೌಸ್. 1948ರಲ್ಲಿ ಪಕ್ಕದಲ್ಲೇ ಆಸ್ಪತ್ರೆ ಬಂತು. ಆ ಸಂಸ್ಥೆ ತನ್ನ ಬಗ್ಗೆ ಹೇಳಿಕೊಳ್ಳುವುದು ಇಷ್ಟೇ: ನಮ್ಮವರನ್ನು ನಾವೇ ನೋಡಿಕೊಳ್ಳುತ್ತೇವೆ.

ಈ ನಡುವೆ ಅವನು ಆಸ್ಕರ್ ಕೊಡುವ ಅಕಾಡೆಮಿಗೂ ಅಧ್ಯಕ್ಷನಾಗಿದ್ದ, 1945ರಿಂದ 1949ರವರೆಗೆ. ಅವನ ಕೊನೆಯ ವರ್ಷದಲ್ಲಿ ದೊಡ್ಡ ಸ್ಟುಡಿಯೋಗಳು ಸಮಾರಂಭಕ್ಕೆ ದುಡ್ಡು ಕೊಡುವುದನ್ನೇ ನಿಲ್ಲಿಸಿದವು. 1949ರ ಮಾರ್ಚ್‌ನಲ್ಲಿ ಆಸ್ಕರ್ ನಡೆದದ್ದು ಅಕಾಡೆಮಿಯ ಸ್ವಂತ ಥಿಯೇಟರಿನಲ್ಲಿ, ಇದ್ದದ್ದು 950 ಸೀಟು. ಅದೇ ವರ್ಷ ಅವನು ಇಂಗ್ಲಿಷ್‌ಗೆ ತಂದ ಆಂಡರ್ಸನ್ ಕಥೆಗಳು ಆರು ಸಂಪುಟಗಳಲ್ಲಿ ಹೊರಬಂದವು. 160ಕ್ಕೂ ಹೆಚ್ಚು ಕಥೆ. ಇಂಗ್ಲಿಷ್ ಉಚ್ಚಾರಣೆ ಸರಿಯಿಲ್ಲ ಅನ್ನಿಸಿಕೊಂಡ ಮನುಷ್ಯ ಮಾಡಿದ ಇಂಗ್ಲಿಷ್ ಅನುವಾದ ಅದು. ಇವತ್ತಿಗೂ ಒಳ್ಳೆಯ ಅನುವಾದ ಅಂತ ಅದನ್ನು ಹೆಸರಿಸುತ್ತಾರೆ.

ಸುಮಾರು 140 ಸಿನಿಮಾ ಮಾಡಿದ. ನಟನೆಗೆ ಅಂತ ಒಂದೂ ಆಸ್ಕರ್ ಬರಲಿಲ್ಲ. 1940ರಲ್ಲಿ ನಿಧಿಯ ಕೆಲಸಕ್ಕೆ ಒಂದು, 1950ರಲ್ಲಿ ಸಿನಿಮಾರಂಗದ ಸೇವೆಗೆ ಒಂದು, ಹೀಗೆ ಎರಡು ವಿಶೇಷ ಆಸ್ಕರ್ ಬಂದವು. 1956ರ ಜೂನ್ 2ರಂದು ಕ್ಯಾನ್ಸರಿನಿಂದ ತೀರಿಕೊಂಡ. ಅದೇ ವರ್ಷ ಅಕಾಡೆಮಿ ಅವನ ಹೆಸರಿನಲ್ಲಿ ಪ್ರಶಸ್ತಿ ಮಾಡಿತು.

ಇದಿಷ್ಟನ್ನು ನಾನು ಮೂರ್ನಾಲ್ಕು ರಾತ್ರಿ ಕೂತು ಓದಿದೆ, ಸಿಕ್ಕಿದ ಸಿನಿಮಾ ನೋಡಿದೆ. ಹನ್ನೆರಡನೇ ದಿನ ಬೆಳಿಗ್ಗೆ ಮೇಷ್ಟ್ರಿಗೆ ಫೋನ್ ಮಾಡಿದೆ. ಎರಡೇ ರಿಂಗಿಗೆ ಎತ್ತಿದರು.

"ಏನಪ್ಪಾ, ಹೇಗಿದೀಯಾ? ಆ ಬಿಲ್ಡ್ ಸರಿ ಹೋಯ್ತಾ?"

ನನಗೆ ಗಂಟಲು ಕಟ್ಟಿತು. ಕೆಲಸ ಹೋದವರು ನನ್ನ ಬಿಲ್ಡ್ ವಿಚಾರಿಸುತ್ತಿದ್ದಾರೆ. "ಸಾರ್, ನಾನು ಮೊದ್ಲೇ ಫೋನ್ ಮಾಡ್ಬೇಕಿತ್ತು" ಅಂದೆ.

"ಹೌದು, ಮಾಡ್ಬೇಕಿತ್ತು" ಅಂದರು. ಬೈಗುಳ ಇರಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸಂಜೆ ಬಾ, ಇವಳು ಅಕ್ಕಿ ರೊಟ್ಟಿ ಮಾಡ್ತಾಳೆ" ಅಂದರು.

ಹೋದೆ. ಅವರ ಮನೆಯವರು, ನಾನು ಅಕ್ಕ ಅನ್ನುತ್ತೇನೆ, ಎಂದಿನ ಹಾಗೇ ಬಡಿಸಿದರು. ಆಮೇಲಿನ ದಿನಗಳಲ್ಲಿ ನನಗೆ ಗೊತ್ತಿದ್ದ ಕಡೆಯಲ್ಲೆಲ್ಲ ಅವರ ರೆಸ್ಯೂಮೆ ಕಳಿಸಿದೆ. ಎರಡು ಇಂಟರ್‌ವ್ಯೂ ಕೊನೆಯ ಸುತ್ತಿನವರೆಗೆ ಹೋದವು. ಕೆಲಸ ಆಗಲಿಲ್ಲ. ಐವತ್ತೇಳನೇ ದಿನ ಅವರು ಬೆಂಗಳೂರು ಫ್ಲೈಟ್ ಹತ್ತಿದರು. ಆ ಹನ್ನೊಂದು ದಿನ ನಾನು ಸುಮ್ಮನಿರದಿದ್ದರೆ ಏನಾದರೂ ಬದಲಾಗುತ್ತಿತ್ತಾ? ಬಹುಶಃ ಇಲ್ಲ. ಆದರೆ 60ರಲ್ಲಿ 11 ಸಣ್ಣ ಸಂಖ್ಯೆ ಅಲ್ಲ.

ಅವರು ಹೋದ ಮೇಲೆ ನಾವು ಏಳು ಜನ ಹಳೇ ಟೀಮಿನವರು ಸೇರಿ ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ಪ್ರತಿ ತಿಂಗಳೂ ಸಂಬಳದ ಅರ್ಧ ಪರ್ಸೆಂಟ್ ಒಂದು ಕಡೆ ಹಾಕುತ್ತೇವೆ. ಹರ್ಷೋಲ್ಟ್‌ನವರ ಲೆಕ್ಕವೇ. ಇಬ್ಬರು ಒಮ್ಮೆ ಹೊರಗೆ ಊಟ ಮಾಡಿದರೆ ಆಗುವಷ್ಟು ದುಡ್ಡು. ನಮಗೆ ಗೊತ್ತಿರುವವರ ಕೆಲಸ ಹೋದರೆ ವಕೀಲರ ಫೀಸೋ, ಒಂದು ತಿಂಗಳ ಬಾಡಿಗೆಯೋ, ಊರಿಗೆ ಹೋಗುವ ಟಿಕೆಟ್ಟೋ, ಅವರೇ ಹೇಳಿದ್ದಕ್ಕೆ. ಇನ್ನೊಂದು ನಿಯಮ ಇದೆ, ಅದಕ್ಕೆ ದುಡ್ಡು ಬೇಡ. ಸುದ್ದಿ ಗೊತ್ತಾದ ದಿನವೇ ಯಾರಾದರೊಬ್ಬರು ಫೋನ್ ಮಾಡಬೇಕು. ಏನು ಮಾತಾಡಬೇಕು ಅಂತ ಗೊತ್ತಿಲ್ಲದಿದ್ದರೂ ಸರಿ. ಇಲ್ಲಿಯವರೆಗೆ ಮೂರು ಸಲ ಇದು ಉಪಯೋಗಕ್ಕೆ ಬಂದಿದೆ. ಒಬ್ಬರು ದುಡ್ಡು ಬೇಡ ಅಂದರು, ಫೋನ್ ಮಾತ್ರ ಒಂದು ಗಂಟೆ ಇಡಲಿಲ್ಲ.

ಕಳೆದ ತಿಂಗಳು ನಾನು ಗ್ಲೆಂಡೇಲ್‌ನ ಫಾರೆಸ್ಟ್ ಲಾನ್ ಸ್ಮಶಾನದ ಬಗ್ಗೆ ಮೇಷ್ಟ್ರ ಜೊತೆ ಫೋನ್‌ನಲ್ಲಿ ಮಾತಾಡುತ್ತಿದ್ದೆ. ಹರ್ಷೋಲ್ಟ್‌ನ ಸಮಾಧಿ ಅಲ್ಲಿದೆ. ಅದರ ಗುರುತಿಗೆ ಇಟ್ಟದ್ದು ಆಂಡರ್ಸನ್ ಕಥೆಯ ಕ್ಲೋಡ್ಸ್-ಹ್ಯಾನ್ಸ್‌ನ ಪ್ರತಿಮೆ. ಕಥೆ ಗೊತ್ತಲ್ಲ? ತನ್ನೆದುರು ಚೆನ್ನಾಗಿ ಮಾತಾಡುವವನನ್ನೇ ಮದುವೆಯಾಗುತ್ತೇನೆ ಅಂತಾಳೆ ರಾಜಕುಮಾರಿ. ಮೂವರು ಅಣ್ಣತಮ್ಮಂದಿರು. ಒಬ್ಬ ಲ್ಯಾಟಿನ್ ನಿಘಂಟನ್ನೇ ಬಾಯಿಪಾಠ ಮಾಡಿದ್ದಾನೆ, ಇನ್ನೊಬ್ಬ ಕಾನೂನು ಅರೆದು ಕುಡಿದಿದ್ದಾನೆ. ಅರಮನೆಗೆ ಹೋದಾಗ ಇಬ್ಬರಿಗೂ ಬಾಯಿ ಕಟ್ಟುತ್ತೆ. ಪೆದ್ದ ಅನ್ನಿಸಿಕೊಂಡ ಕಿರಿಯವನು ಆಡಿನ ಮೇಲೆ ಕೂತು ಬಂದು, ತನಗೆ ಬಂದ ಹಾಗೆ ಮಾತಾಡುತ್ತಾನೆ. ಅವನೇ ಗೆಲ್ಲುತ್ತಾನೆ.

ಮೇಷ್ಟ್ರು ನಕ್ಕರು. ಅವರೀಗ ಹಾಸನದಲ್ಲಿ ಅಮ್ಮನ ಜೊತೆ ಇದ್ದು, ಅಲ್ಲಿಂದಲೇ ಯಾವುದೋ ಸಣ್ಣ ಕಂಪನಿಗೆ ಕೆಲಸ ಮಾಡುತ್ತಾರೆ. ಮಗಳು ಕನ್ನಡ ಓದೋಕೆ ಕಷ್ಟಪಡುತ್ತಿದ್ದಾಳಂತೆ. ಮೊದಲ ದಿನ ಅವಳ ಕನ್ನಡ ಕೇಳಿ ಕ್ಲಾಸಿನವರೆಲ್ಲ ನಕ್ಕರಂತೆ.

"ಅಲ್ಲಿ ನನ್ ಇಂಗ್ಲಿಷ್‌ಗೆ ನಗ್ತಿದ್ರು, ಇಲ್ಲಿ ಅವಳ ಕನ್ನಡಕ್ಕೆ ನಗ್ತಾರೆ" ಅಂದರು. "ಆ ಆಡಿನ ಕಥೆ ಇವಳಿಗೂ ಹೇಳ್ತೀನಿ ಬಿಡು."

ಮೊನ್ನೆ ಶನಿವಾರ ದೇವಸ್ಥಾನಕ್ಕೆ ನಾನೇ ಕಾರ್ ಓಡಿಸಿಕೊಂಡು ಹೋದೆ. ಪಕ್ಕದಲ್ಲಿ ಟೀಮಿಗೆ ಹೊಸದಾಗಿ ಸೇರಿದ ಹುಡುಗ, ಬಂದು ಎರಡು ತಿಂಗಳಾಗಿದೆ. ಮಲ್ಹಾಲಂಡ್ ಡ್ರೈವ್ ಎಕ್ಸಿಟ್ ಬಂತು. ಸ್ಟೀರಿಂಗ್‌ನಿಂದ ಒಂದು ಕೈ ತೆಗೆದು ತೋರಿಸಿದೆ. ಅವನು ಫೋನ್ ನೋಡುತ್ತಾ ಹೂಂ ಅಂದ.